ಒಳಗೆ ಬಾರದ ಮನಾಸೆ

ಹೊಸ ಕಟ್ಟಡದ ಪರದೆ ಬಟ್ಟೆ ಆರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಫುಸಿ ತನ್ನ ತಪ್ಪು ಮುಚ್ಚಿಟ್ಟಳು ಅಂತ ಯಾರೂ ಅನ್ನಬಾರದು. ತಿಳಿಹಸಿರು ಬಟ್ಟೆ, ಅದರ ಮೇಲೆ ಬಿಳಿ ಹೂ. "ಹುಚ್ಚರ ವಾರ್ಡಿಗೆ ಇಷ್ಟು ಚೆಂದದ ಪರದೆ ಯಾಕಮ್ಮ?" ಅಂದ ಉಗ್ರಾಣದವನಿಗೆ "ನಿನ್ನ ಮನೆಗೆ ಬೇಕಾದ್ರೆ ಗೋಣಿಚೀಲ ಕಟ್ಕೋ, ಹೋಗು" ಅಂದಿದ್ದೆ. ಇಪ್ಪತ್ತು ವರ್ಷ ಟೋಂಗಾದ ಈ ವಾರ್ಡಿನಲ್ಲಿ ನರ್ಸ್ ಆಗಿ ಸವೆದವಳು ನಾನು. ಅಷ್ಟು ಹೇಳೋ ಹಕ್ಕು ನನಗಿತ್ತು.

ಅದಕ್ಕೆ ಮೊದಲು ನಮ್ಮ ವಾರ್ಡು ಅಂದರೆ ಎರಡು ಉದ್ದನೆಯ ಮರದ ಮನೆಗಳು. ಗಂಡಸರದ್ದೊಂದು, ಹೆಂಗಸರದ್ದೊಂದು. ನಡುವೆ ಹುಲ್ಲು, ಹುಲ್ಲಿನ ಮಧ್ಯೆ ಒಂದು ದೀವಿಹಲಸಿನ ಮರ. ದಿನಕ್ಕೆ ಹತ್ತು ಸಲ ಮಾತ್ರೆಯ ತಟ್ಟೆ ಹಿಡಿದುಕೊಂಡು ಆ ಮನೆಯಿಂದ ಈ ಮನೆಗೆ ಮಳೆಯಲ್ಲಿ ಓಡಬೇಕು. ನನ್ನ ಮಂಡಿ ಹೋದದ್ದೇ ಆ ಹುಲ್ಲಿನ ಮೇಲೆ. ಚಂಡಮಾರುತ ಬಂದು ಹೆಂಗಸರ ಮನೆಯ ತಗಡನ್ನೆಲ್ಲ ಹಾರಿಸಿಕೊಂಡು ಹೋದಾಗ, ಬಾಯಲ್ಲಿ ಅಯ್ಯೋ ಅಂದರೂ ಮನಸ್ಸಿನಲ್ಲಿ ದೇವರು ನನ್ನ ಮಂಡಿಯ ಮೊರೆ ಕೇಳಿದ ಅಂದುಕೊಂಡೆ.

ಯಾವುದೋ ದೊಡ್ಡ ದೇಶ ದುಡ್ಡು ಕೊಟ್ಟಿತು. ಕಾಂಕ್ರೀಟಿನ ಕಟ್ಟಡ ಎದ್ದಿತು. ಎಲ್ಲ ಒಂದೇ ಸೂರಿನ ಕೆಳಗೆ. ಮಧ್ಯೆ ದೊಡ್ಡ ಹಾಲ್, ಹಾಲಿನಲ್ಲಿ ಬಾಗಿಲಗಲದ ಟಿವಿ, ಎಡಕ್ಕೆ ಗಂಡಸರ ಕೋಣೆ, ಬಲಕ್ಕೆ ಹೆಂಗಸರ ಕೋಣೆ, ನಟ್ಟನಡುವೆ ಗಾಜಿನ ಗೂಡಿನಲ್ಲಿ ನಾವು. ತೆರೆಯೋಕೆ ಬಾರದ ಕಿಟಕಿ. ಎಸಿ. ಮಂತ್ರಿ ಬಂದು ರಿಬ್ಬನ್ ಕತ್ತರಿಸಿದರು, ಪಾದ್ರಿ ಒಂದು ಗಂಟೆ ಪ್ರಾರ್ಥನೆ ಮಾಡಿದರು, ಹಂದಿ ಸುಟ್ಟು ಊಟ ಹಾಕಿದರು. ಚಂಡಮಾರುತಕ್ಕೆ ನನ್ನ ಮನೆಯ ಸೂರೂ ಹೋಗಿತ್ತಲ್ಲ, ರಿಪೇರಿ ಆಗುವ ತನಕ ಇರು ಅಂತ ಹೆಂಗಸರ ಸಾಲಿನ ಕೊನೆಯ ಕೋಣೆ ನನಗೇ ಕೊಟ್ಟರು. ಅಮ್ಮ ಮಾತ್ರ ನಮ್ಮ ಹಿತ್ತಿಲಿನಲ್ಲಿ ಟಾರ್ಪಾಲ್ ಕಟ್ಟಿಕೊಂಡು ಅಲ್ಲೇ ಉಳಿದಳು. "ಹುಚ್ಚರ ಮನೆ ಹೊಸ್ತಿಲು ನಾನು ತುಳಿಯಲ್ಲ ಕಣೇ" ಅನ್ನೋಳು. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನನ್ನ ಊಟ ಹಿಡಿದುಕೊಂಡು ಗೇಟಿನ ಹೊರಗೆ ನಿಂತಿರೋಳು.

ಎರಡನೇ ವಾರದಿಂದ ಗಂಡಸರಿಗೆ ಏನೋ ಹಿಡಿಯಿತು. ಕೂತಲ್ಲಿ ಕೂರರು, ನಿಂತಲ್ಲಿ ನಿಲ್ಲರು. ಟಿವಿ ಹಾಕಿದರೆ ಒಬ್ಬೊಬ್ಬರೇ ಎದ್ದು ಹೋಗೋರು. ಗೋಡೆ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ಬರೀ ಚಪ್ಪಲಿ ಸದ್ದು. ಅದನ್ನು ಕೇಳಿ ಕೇಳಿ ನನಗೂ ಒಂದು ಕಡೆ ಕೂರೋಕಾಗದು. ಕೋಣೆಗೆ ಹೋದರೂ ಸುಮ್ಮನೆ ಅತ್ತಿಂದಿತ್ತ ತಿರುಗುತ್ತಿದ್ದೆ. ಗೇಟಿನಲ್ಲಿ ನಿಂತು ಉಣ್ಣುವಾಗಲೂ ಕಾಲು ಬದಲಾಯಿಸುತ್ತಿದ್ದೆ. "ಏನೇ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ನೆಟ್ಟಗೆ ನಿಂತು ತಿನ್ನು" ಅಂತ ಅಮ್ಮ ಬೈಯೋಳು.

ಡಾಕ್ಟರ್ ಫೊನುವಾ ಟೋಂಗಾದವರೇ, ಆದರೆ ಬೆಳೆದದ್ದು ಸಿಡ್ನಿಯಲ್ಲಿ. ನಮ್ಮ ಭಾಷೆ ಆಡಿದರೆ ಬೈಬಲ್ ಓದಿದ ಹಾಗಿರುತ್ತೆ. "ಹೊಸ ಜಾಗ, ಹೊಂದಿಕೊಳ್ಳಲು ಸಮಯ ಬೇಕು" ಅಂದರು. ಔಷಧಿ ಹೆಚ್ಚಿಸಿದರು. ನಾನೂ ತಲೆಯಾಡಿಸಿದೆ.

ಹಾಗಿದ್ದಾಗ ಮನಾಸೆ ಬಂದ.

ಹಾಪೈ ಕಡೆಯ ಒಂದು ಸಣ್ಣ ದ್ವೀಪದವನು. ಮೂವತ್ತನಾಲ್ಕು ವರ್ಷ, ಬಾಗಿಲಿನಷ್ಟು ಅಗಲದ ಆಳು, ಊರ ಚರ್ಚಿನಲ್ಲಿ ಹಾಡಿಸುವವನಂತೆ. ಜೊತೆಗೆ ಮೀನಿಗೆ ಹೋಗುತ್ತಿದ್ದ ಗೆಳೆಯ ಸಮುದ್ರದ ಪಾಲಾದ ಮೇಲೆ ನಿದ್ದೆ ಬಿಟ್ಟಿದ್ದ. ಆರು ವಾರ ದಡದ ಮೇಲೆ ಆ ಗೆಳೆಯನ ಹೆಸರು ಕೂಗುತ್ತಾ ನಡೆದಿದ್ದಾನೆ. ಪೊಲೀಸಿನವನೊಬ್ಬ ದೋಣಿಯಲ್ಲಿ ಕರೆತಂದು ಬಿಟ್ಟ. ಹೆದರಿಕೊಂಡಿದ್ದೆವು, ಆದರೆ ಪುಣ್ಯಾತ್ಮ ತಣ್ಣಗೆ ಒಳಗೆ ಬಂದು ಹಾಲಿನಲ್ಲಿ ಕೂತ. ಟಾರೊ ಗೆಡ್ಡೆ, ದನದ ಮಾಂಸ ಹಾಕಿಕೊಟ್ಟರೆ ಎರಡು ಬಟ್ಟಲು ತಿಂದ. ನಮ್ಮ ವಾರ್ಡಿನ ಮುದುಕ ಲಿಸಿಯಾತೆ, ರೋಗಿಗಳನ್ನು ಎತ್ತಿ ಇಳಿಸಿ ಮಾಡುವವನು, "ಇವನು ಹುಚ್ಚನಲ್ಲ ಕಣಮ್ಮ, ಹಸಿದವನು" ಅಂದಾಗ ಮನಾಸೆ ನಕ್ಕೂ ಬಿಟ್ಟ.

ನಾನು ಫೈಲು ಹಿಡಿದು ಅವನ ಎದುರು ಹೋಗಿ ಕೂತೆ. ಎಲ್ಲರಿಗೂ ಹೇಳುವ ಹಾಗೆ ಹೇಳಿದೆ: "ನಾನು ಫುಸಿ. ಅಂಗಡಿ ಕಿತಿಯೊನೆ ಮಗಳು. ಈ ವಾರ್ಡಿನಲ್ಲಿ ಜಗಳಗಂಟಿ ಅಂದ್ರೆ ನಾನೇ. ಯಾರಾದ್ರೂ ತೊಂದರೆ ಕೊಟ್ರೆ ನನಗೆ ಹೇಳು."

ಅವನು ಒಂದು ಸಲ ನನ್ನ ಮುಖ ನೋಡಿದ. ತಲೆ ತಗ್ಗಿಸಿದ. ಮೂರನೇ ಬಟ್ಟಲು ಅರ್ಧಕ್ಕೆ ಇಟ್ಟ. ಪಕ್ಕದ ಕೋಣೆಯ ಮಂಚದ ಮೇಲಿದ್ದ ಬೆಡ್‌ಶೀಟ್ ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಬೆನ್ನು ಬಗ್ಗಿಸಿಕೊಂಡು ನನ್ನ ಮುಂದಿನಿಂದ ಹೊರಗೆ ಹೋದ. ಹೋಗಿ ಮಳೆಯಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅವತ್ತು ಕೂತವನು ಮತ್ತೆ ತಾನಾಗಿ ಒಳಗೆ ಬರಲಿಲ್ಲ. ದಿನಾ ಸಂಜೆ ನಾಲ್ಕು ಜನ ಸೇರಿ ಎತ್ತಿ ತರಬೇಕು. ತಂದರೆ ಬಾಗಿಲ ಬಳಿ ನಿಂತೇ ಇರೋನು. ನಾನು ಹಾಲಿಗೆ ಬಂದರೆ ಅವನು ಆ ಗೋಡೆಗೆ, ನಾನು ಆ ಗೋಡೆಗೆ ಹೋದರೆ ಅವನು ಈ ಗೋಡೆಗೆ. ನಾನು ಬಡಿಸಿದರೆ ಮುಟ್ಟುವುದಿಲ್ಲ, ಲಿಸಿಯಾತೆ ಹೊರಗೆ ಕೊಂಡುಹೋಗಿ ಕೊಟ್ಟರೆ ತಿಂತಾನೆ. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ನನ್ನ ಕೈಯಲ್ಲಿ ತಿನ್ನದ ರೋಗಿ ಇರಲಿಲ್ಲ. "ನರ್ಸ್ ವಿಷ ಹಾಕುತ್ತಾಳೆಂಬ ಶಂಕೆ" ಅಂತ ಫೈಲಿನಲ್ಲಿ ಬರೆದೆ.

"ಬಾರೋ ಮಗಾ ಒಳಗೆ, ಜ್ವರ ಬರುತ್ತೆ" ಅಂತ ಲಿಸಿಯಾತೆ ಕರೆದರೆ ಒಂದೇ ಮಾತು.

"ಅಕ್ಕ ಒಳಗಿದಾಳೆ. ನಾನು ಬರಲ್ಲ."

ಲಿಸಿಯಾತೆ ಬಂದು ನನಗೆ ಹೇಳಿದ. "ಅವನ ಮಾತು ಒಂದು ಲೆಕ್ಕಕ್ಕೆ ಸರಿ ಕಣಮ್ಮ. ಅಕ್ಕ ಇರೋ ಸೂರಿನ ಕೆಳಗೆ ತಮ್ಮ ಮಲಗೋದುಂಟಾ? ಅಕ್ಕನ ಜೊತೆ ಕೂತು ಟಿವಿ ನೋಡೋದುಂಟಾ? ಈಗಿನ ಹುಡುಗರು ನೋಡ್ತಾರೆ ಬಿಡು, ಅವರಿಗೆ ಮಾನ ಇಲ್ಲ. ಹಳೇ ಕಾಲದ ಮನೆ ಮಕ್ಕಳು ಮಾಡಲ್ಲ. ನಾನಂತೂ ನಮ್ಮಕ್ಕ ಬಂದ್ರೆ ಇವತ್ತಿಗೂ ಹೊರಗಿನ ಗುಡಿಸಲಲ್ಲೇ ಮಲಗೋದು."

"ಸರಿ, ಅಕ್ಕ ಎಲ್ಲಿದಾಳೆ ಹೇಳು ಹಾಗಾದ್ರೆ."

"ಅದೇ ನೋಡೋಣ" ಅಂತ ಅವನು ನಮ್ಮಲ್ಲಿದ್ದ ಆರು ಜನ ಹೆಂಗಸರನ್ನೂ ವಿಚಾರಿಸಿದ. ಯಾವ ಊರು, ಅಪ್ಪ ಯಾರು, ಅಜ್ಜಿ ಯಾರು, ಅಜ್ಜಿಯ ಅಣ್ಣತಮ್ಮಂದಿರು ಯಾರು. ನಮ್ಮ ದ್ವೀಪಗಳಲ್ಲಿ ಹೀಗೆ ನಾಲ್ಕು ಪ್ರಶ್ನೆ ಕೇಳಿದರೆ ಯಾರಾದರೂ ಯಾರಿಗಾದರೂ ಏನಾದರೂ ಆಗಿರುತ್ತಾರೆ. ಆದರೆ ಆರು ಜನರಲ್ಲಿ ಒಬ್ಬಳೂ ಮನಾಸೆಯ ಕಡೆಯವಳಲ್ಲ. ಇಬ್ಬರು ಬೇರೆ ಗಂಡಸರಿಗೆ ತಂಗಿಯರಾಗಬೇಕಿತ್ತು, ಅದು ಬೇರೆ ವಿಷಯ. ಆಗಲಾದರೂ ನನ್ನ ಬುದ್ಧಿ ಓಡಬೇಕಿತ್ತು, ಓಡಲಿಲ್ಲ. ಆರು ಅಂತ ಎಣಿಸಿ ಸುಮ್ಮನಾದೆವು.

ಓಡದೇ ಇದ್ದದ್ದಕ್ಕೂ ಕಾರಣ ಇದೆ. ನಾನು ಒಬ್ಬಳೇ ಮಗಳು. ಅಪ್ಪನ ಕಡೆಯವರೆಲ್ಲ ಆಕ್ಲೆಂಡಿನಲ್ಲಿ. ಅಮ್ಮನ ಕಡೆ ಯಾರೂ ಇಲ್ಲ ಅಂತ ಅಮ್ಮ. "ವವಾವು ದ್ವೀಪದ ಕಡೆಯವಳು ನಾನು, ಎಲ್ಲ ಸತ್ತುಹೋದರು" ಅಂದರೆ ಮುಗಿಯಿತು. ಚಿಕ್ಕವಳಿದ್ದಾಗ ಬೇರೆ ಹುಡುಗಿಯರ ಮನೆಗೆ ಅಣ್ಣತಮ್ಮಂದಿರು ಹೊಲದ ಮೊದಲ ಹೆಗ್ಗೆಣಸು ತಂದಿಟ್ಟು, ಮುಖ ತೋರಿಸದೆ ಹೋಗುವುದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಯಾರೂ ನನಗಾಗಿ ದಾರಿ ಬಿಟ್ಟು ಪಕ್ಕಕ್ಕೆ ಸರಿದಿರಲಿಲ್ಲ. ತಮ್ಮನ ಮರ್ಯಾದೆ ಅಂದರೆ ನನಗೆ ಕಂಡವರ ಮನೆಯ ಹಬ್ಬ.

ಡಾಕ್ಟರ್ ಫೊನುವಾ ತಮ್ಮ ಪ್ರಕಾರ ಸರಿಯಾದ ಕೆಲಸವನ್ನೇ ಮಾಡಿದರು. ಮನಾಸೆಗೆ ಒಬ್ಬಳೇ ಅಕ್ಕ, ಆಕ್ಲೆಂಡಿನಲ್ಲಿದ್ದಾಳೆ ಅಂತ ಪತ್ತೆ ಮಾಡಿ ಫೋನ್ ಹಚ್ಚಿ ಅವನ ಕಿವಿಗೆ ಕೊಟ್ಟರು. ಅವನು ಮೆಟ್ಟಿಲ ಮೇಲೆ ಕೂತೇ ತಲೆ ಬಗ್ಗಿಸಿ, ಹೂಂ, ಚೆನ್ನಾಗಿದೀನಿ, ಚಿಂತೆ ಮಾಡಬೇಡ ಅಂದ. ಫೋನ್ ವಾಪಸ್ ಕೊಟ್ಟ.

"ನೋಡು, ನಿನ್ನ ಅಕ್ಕ ಆಕ್ಲೆಂಡಿನಲ್ಲಿದ್ದಾರೆ" ಅಂದರು ಡಾಕ್ಟರು.

"ಹೌದು."

"ಹಾಗಾದರೆ ಒಳಗೆ ಯಾರೂ ಇಲ್ಲ ತಾನೆ?"

"ಒಳಗೆ ಅಕ್ಕ ಇದಾಳೆ."

"ಯಾರು? ಹೆಸರು ಹೇಳು."

ಅವನು ಬಾಯಿಗೆ ಬೀಗ ಹಾಕಿಕೊಂಡ. ನಾನು ಡಾಕ್ಟರ ಪಕ್ಕದಲ್ಲೇ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಫೈಲಿನಲ್ಲಿ ನನ್ನ ಕೈಯಾರೆ ಬರೆದೆ: "ಇಲ್ಲದ ಅಕ್ಕ ಇದ್ದಾಳೆಂದು ನಂಬುತ್ತಾನೆ."

ಬೆಡ್‌ಶೀಟ್ ಸೊಂಟಕ್ಕೆ ಸುತ್ತಿಕೊಳ್ಳುತ್ತಾನಲ್ಲ, ನೇಣು ಹಾಕಿಕೊಂಡಾನು ಅಂತ ಕಿತ್ತುಕೊಂಡೆವು. ಮರುದಿನ ತೆಂಗಿನ ಗರಿ ಹೆಣೆದು ಸುತ್ತಿಕೊಂಡ. ಚರ್ಚಿಗೋ, ಸಾವಿನ ಮನೆಗೋ, ದೊಡ್ಡವರ ಎದುರಿಗೋ ಹೋಗುವಾಗ ನಾವು ಸೊಂಟಕ್ಕೆ ಚಾಪೆ ಕಟ್ಟುವುದಿಲ್ಲವೇ, ಥೇಟ್ ಹಾಗೆ. "ಸತ್ತ ಗೆಳೆಯನ ಮಣ್ಣಿಗೆ ಹೊರಟಿದಾನೆ ಪಾಪ" ಅಂತ ನಾನು ಮರುಗಿದೆ. ಗರಿಯನ್ನೂ ಕಿತ್ತೆ.

ಎರಡು ಸಲ ಬೇಲಿ ಹಾರಿದ. ಮೂರನೇ ಸಲ ಸಿಕ್ಕಿದ್ದು ಬಂದರಿನಲ್ಲಿ, ಎದೆಮಟ್ಟ ನೀರಿನಲ್ಲಿ. ಅವತ್ತು ಇಂಜೆಕ್ಷನ್ ಕೊಡಲೇಬೇಕಾಯಿತು. ನಾಲ್ಕು ಜನ ಒತ್ತಿ ಹಿಡಿದರು. ಕೊಟ್ಟವಳು ನಾನು. ಸೊಂಟದ ಪಂಚೆ ಸರಿಸುವಾಗ ಆ ಆಳು ಚೀರಿದ ಚೀರು ಈಗಲೂ ಕಿವಿಯಲ್ಲಿದೆ. "ಇವಳು ಬೇಡ, ಇವಳು ಬೇಡ, ಕೈಮುಗೀತೀನಿ, ಬೇರೆ ಯಾರಾದ್ರೂ ಕೊಡಿ." ಸೂಜಿ ತೆಗೆದ ಮೇಲೆ ಗೋಡೆ ಕಡೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. "ಇಷ್ಟು ದೊಡ್ಡ ಗಂಡಸು, ಒಂದು ಸೂಜಿಗೆ ಅಳ್ತಾನೆ" ಅಂದುಬಿಟ್ಟೆ. ಜೋರಾಗೇ ಅಂದೆ.

ಡಾಕ್ಟರು ಸಮಿತಿ ಕರೆದರು, ಶುಕ್ರವಾರಕ್ಕೆ. ಸಮಿತಿ ಒಪ್ಪಿದರೆ ಹಿಂದುಗಡೆಯ ಬೀಗದ ಕೋಣೆ, ಆರು ತಿಂಗಳು. ಆ ಕೋಣೆಗೆ ಹೋದ ಒಬ್ಬ ಬೆಸ್ತನನ್ನು ನಾನು ನೋಡಿದ್ದೇನೆ. ಹೋಗುವಾಗ ಎಲ್ಲರನ್ನೂ ಬೈಯುತ್ತಾ ಹೋದ. ಬರುವಾಗ ಸ್ವಂತ ಮಗ ಎದುರು ನಿಂತರೂ ಗುರುತು ಹಿಡಿಯಲಿಲ್ಲ. ಮನಾಸೆಯನ್ನು ಅಲ್ಲಿಗೆ ಹಾಕುವುದು ನನಗೆ ಬೇಡವಾಗಿತ್ತು. ಯಾಕೆ ಅಂದರೆ ಗೊತ್ತಿಲ್ಲ, ಮೊದಲ ದಿನ ಅವನು ನಕ್ಕದ್ದಕ್ಕೇ ಇರಬಹುದು. ಅವನನ್ನು ಹೇಗಾದರೂ ಶಾಂತ ಮಾಡಬೇಕು ಅಂತ ಇನ್ನೂ ಹೆಚ್ಚು ಹೊತ್ತು ಅವನ ಹತ್ತಿರವೇ ಇರತೊಡಗಿದೆ. ನಾನು ಹತ್ತಿರ ಹೋದಷ್ಟೂ ಅವನು ನಡೆದ. ಅವನು ನಡೆದಷ್ಟೂ ನಾನು ಹಿಂದೆ ಹೋದೆ. ಇಬ್ಬರೂ ಸೇರಿ ಆ ಹೊಸ ನೆಲ ಸವೆಸಿದೆವು.

ಗುರುವಾರದ ದೋಣಿಗೆ ಅವನ ಅತ್ತೆ ಬಂದಳು. ಏಸೆತಾ ಅಂತ, ಅವನ ಅಪ್ಪನ ತಂಗಿ. ಎಪ್ಪತ್ತು ದಾಟಿದ ಹೆಂಗಸು, ಸಾಕಿದ್ದೂ ಅವಳೇ ಅಂತೆ. ಒಳಗೆ ಬನ್ನಿ ಅಂದರೆ "ಆ ಪೆಟ್ಟಿಗೆಯೊಳಗೆ ನಾನು ಯಾಕೆ ಬರಲಿ" ಅಂದು ದೀವಿಹಲಸಿನ ಮರದ ಕೆಳಗೆ ಚಾಪೆ ಹಾಸಿ ಕೂತಳು. ಮನಾಸೆ ಅವಳ ಹಿಂದೆ, ನನಗೆ ಬೆನ್ನು ಮಾಡಿಕೊಂಡು. ಅವಳು ಗೆಣಸಿನ ಸಿಪ್ಪೆ ಹೆರೆಯತೊಡಗಿದಳು.

"ನಾಳೆ ಇವನಿಗೇನು ಮಾಡ್ತೀರಿ?" ಅಂದಳು.

ಹೇಳಿದೆ. ಸುಳ್ಳು ಹೇಳಿ ಸಮಾಧಾನ ಮಾಡೋ ಜಾತಿಯವಳಲ್ಲ ನಾನು. ಅವಳ ಕಣ್ಣು ತುಂಬಿತು, ಆದರೆ ಕೈ ನಿಲ್ಲಲಿಲ್ಲ.

"ಇವನು ಹೀಗಿರಲಿಲ್ಲ ಕಣೇ. ಗೆಳೆಯ ಹೋದ ದುಃಖ ಇತ್ತು, ಕೂಗ್ತಿದ್ದ, ಹೌದು. ಮನೆಯೊಳಗೆ ಬರಲ್ಲ ಅಂತ ಯಾವತ್ತೂ ಅಂದಿಲ್ಲ. ನಿಮ್ಮಲ್ಲಿ ಏನು ಮಾಡಿದ್ರಿ ನನ್ನ ಮಗೂಗೆ?"

"ಏನೂ ಮಾಡಿಲ್ಲ ದೊಡ್ಡಮ್ಮ. ನಾನೇ ಕೈಯಾರೆ ನೋಡ್ಕೊಂಡಿದೀನಿ."

"ನೀನು ಯಾರ ಮಗಳು?"

"ಅಂಗಡಿ ಕಿತಿಯೊನೆ ಮಗಳು."

ಚಾಕು ನಿಂತಿತು. ಮರದ ಮೇಲೆ ಹಕ್ಕಿಯೊಂದು ಕೂಗುತ್ತಿತ್ತು, ಅದು ನನಗೆ ನೆನಪಿದೆ. ಮುದುಕಿ ನನ್ನ ಹಣೆ, ಮೂಗು, ಗಲ್ಲ ಒಂದೊಂದಾಗಿ ನೋಡಿದಳು. ತಾಯಿ ಯಾರು ಅಂತ ಕೇಳುತ್ತಾಳೆ ಅಂದುಕೊಂಡೆ. ಅವಳು ಅದನ್ನು ಕೇಳಲಿಲ್ಲ.

"ಮೆಲೆಯಾನಾ ಬದುಕಿದಾಳಾ?" ಅಂದಳು.

ಅದು ನನ್ನ ಅಮ್ಮನ ಹೆಸರು. ಗಂಟೆ ಹನ್ನೆರಡು. ಗೇಟಿನ ಕಡೆ ಕೈ ತೋರಿಸಿದೆ. ಅಮ್ಮ ಬಟ್ಟೆ ಮುಚ್ಚಿದ ಬಟ್ಟಲು ಹಿಡಿದು ಯಾವತ್ತಿನ ಹಾಗೆ ನಿಂತಿದ್ದಳು. ಮರದ ಕೆಳಗೆ ಕೂತವಳನ್ನು ಕಂಡಳು. ಕಂಡವಳೇ ಗಕ್ಕನೆ ತಿರುಗಿ ರಸ್ತೆ ಹಿಡಿದಳು.

"ನಲವತ್ತೈದು ವರ್ಷ ಆಯ್ತು, ಇವತ್ತೂ ಓಡ್ತೀಯೇನೇ?" ಏಸೆತಾ ಕೂಗಿದ ಕೂಗಿಗೆ ಒಳಗಿದ್ದವರೆಲ್ಲ ಕಿಟಕಿಗೆ ಬಂದರು. "ಅಪ್ಪ ಸತ್ತ, ಅಣ್ಣ ಸತ್ತ! ಇನ್ನು ಯಾರಿಗೆ ಹೆದರಿ ಓಡ್ತೀಯೇ ಮೆಲೆಯಾನಾ?"

ಅಮ್ಮ ನಿಂತಳು. ಅಣ್ಣ ಸತ್ತ ಅಂದದ್ದು ಅವಳಿಗೆ ತಾಗಿತು ಅಂತ ಬೆನ್ನಿನಲ್ಲೇ ಗೊತ್ತಾಯಿತು. ಇಪ್ಪತ್ತು ವರ್ಷ ತುಳಿಯದ ಗೇಟನ್ನು ಅವತ್ತು ದಾಟಿ ಬಂದಳು. ಬಂದು ತನ್ನ ಅಕ್ಕ ಏಸೆತಾಳ ಮಡಿಲಲ್ಲಿ ತಲೆಯಿಟ್ಟು ಸಣ್ಣ ಹುಡುಗಿಯ ಹಾಗೆ ಗೋಳೋ ಅಂತ ಅತ್ತಳು.

ಆಮೇಲೆ ತಿಳಿದದ್ದು ಇಷ್ಟು. ಅಮ್ಮ ವವಾವಿನವಳಲ್ಲ, ಹಾಪೈಯವಳು. ಅಂಗಡಿಗೆ ಸಾಮಾನು ತರುತ್ತಿದ್ದ ಹುಡುಗನ ಜೊತೆ ದೋಣಿ ಹತ್ತಿ ಬಂದವಳು. ಅಜ್ಜ ಅವಳ ಚಾಪೆ ಸುಟ್ಟು, ನನಗೆ ಹಾಗೊಬ್ಬಳು ಮಗಳಿಲ್ಲ ಅಂದಿದ್ದ. ಅವಳೂ ಹಟಮಾರಿ, ನನಗೂ ಯಾರೂ ಇಲ್ಲ ಅಂದಳು. ನನಗೂ ಹಾಗೇ ಹೇಳಿ ಬೆಳೆಸಿದಳು. ಆದರೆ ಊರಿನ ಮನೆಯಲ್ಲಿ ಅಂಗಡಿ ಕಿತಿಯೊನೆ ಅನ್ನುವ ಹೆಸರನ್ನು ಯಾರೂ ಮರೆತಿರಲಿಲ್ಲ. ಅವನಿಗೊಬ್ಬಳು ಮಗಳಿದ್ದಾಳಂತೆ ಅಂತ ಮನಾಸೆ ಚಿಕ್ಕಂದಿನಿಂದ ಕೇಳಿದ್ದ.

"ಇವನು ನನ್ನ ಅಣ್ಣನ ಮಗ ಕಣೇ ಫುಸಿ" ಅಂದಳು ಅಮ್ಮ, ಅವನ ಬೆನ್ನು ನೋಡುತ್ತಾ.

ನಮ್ಮಲ್ಲಿ ಅತ್ತೆಯ ಮಗಳು, ಮಾವನ ಮಗ ಅಂತ ಬೇರೆ ಲೆಕ್ಕವಿಲ್ಲ. ಅಮ್ಮನ ಅಣ್ಣನ ಮಗ ಅಂದರೆ ತಮ್ಮ. ಒಡಹುಟ್ಟಿದ ತಮ್ಮನಿಗೂ ಅವನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ನಾನು ಎದ್ದು ನಿಂತೆ. ಕೂರಲಾಗಲಿಲ್ಲ. ಮರದ ಸುತ್ತ ನಡೆದೆ, ಗೇಟಿನ ತನಕ ನಡೆದೆ, ವಾಪಸ್ ಬಂದೆ. ಎಲ್ಲ ಒಂದರ ಹಿಂದೊಂದು ಬಂದು ಮುಖಕ್ಕೆ ಹೊಡೆಯುತ್ತಿತ್ತು. ಅಪ್ಪನ ಹೆಸರು ಹೇಳಿದೊಡನೆ ಬಟ್ಟಲು ಕೆಳಗಿಟ್ಟದ್ದು. ಸೊಂಟಕ್ಕೆ ಸುತ್ತಿಕೊಂಡದ್ದು ಸಾವಿನ ಚಾಪೆಯಲ್ಲ, ನನ್ನ ಎದುರಿಗೆ ಅಂತ ಕಟ್ಟಿದ್ದು. ಹೆಸರು ಹೇಳು ಅಂದಾಗ ಹೇಳದೆ ಹೋದದ್ದು, ಅಕ್ಕನ ಎದುರಿಗೇ ಅಕ್ಕನನ್ನು ಬೆರಳು ಮಾಡಿ ತೋರಿಸುವುದು ಹೇಗೆ? ಅಕ್ಕನನ್ನು ಆಚೆ ಕಳಿಸಿ ಅನ್ನುವ ತಮ್ಮ ಎಲ್ಲಾದರೂ ಇದ್ದಾನೆಯೇ? ತಾನು ಆಚೆ ಹೋಗಬೇಕು. ಅವನು ಮಾಡಿದ್ದು ಅದನ್ನೇ. ಬೇಲಿ ಹಾರಿದ್ದೂ ಅದಕ್ಕೇ. ಆಮೇಲೆ ಆ ಇಂಜೆಕ್ಷನ್. ದೇವರೇ, ಆ ಇಂಜೆಕ್ಷನ್. ಅವನ ಪಂಚೆ ಸರಿಸಿದ್ದು ನನ್ನ ಈ ಕೈ. ಅಳುತ್ತಿದ್ದವನನ್ನು ಆಡಿಕೊಂಡಿದ್ದು ಈ ನಾಲಿಗೆ.

ಅವನ ಕಡೆ ಎರಡು ಹೆಜ್ಜೆ ಇಟ್ಟೆ, ತಪ್ಪಾಯ್ತು ಅನ್ನೋಕೆ. ಅವನ ಹೆಗಲು ಬಿಗಿಯಾಯಿತು. ನಾಲಿಗೆ ಕಚ್ಚಿಕೊಂಡು ಹಿಂದೆ ಸರಿದೆ. ಆ ಮಾತನ್ನೂ ಅವನ ಎದುರು ನಿಂತು ಆಡುವಂತಿರಲಿಲ್ಲ.

ಸಂಜೆಯೊಳಗೆ ನನ್ನ ಕೋಣೆ ಖಾಲಿ ಮಾಡಿದೆ. ಎರಡು ಬ್ಯಾಗು, ಒಂದು ಫ್ಯಾನು. ಲಿಸಿಯಾತೆಗೆ ಕೀಲಿಕೈ ಕೊಟ್ಟು, "ಬಾಗಿಲು ತೆರೆದಿಡು, ಖಾಲಿ ಅಂತ ಅವನಿಗೆ ಕಾಣಲಿ" ಅಂದೆ. ಆ ಫೈಲು ತರಿಸಿಕೊಂಡೆ. "ಇಲ್ಲದ ಅಕ್ಕ ಇದ್ದಾಳೆಂದು ನಂಬುತ್ತಾನೆ" ಅನ್ನುವ ಸಾಲಿನ ಮೇಲೆ ಗೆರೆ ಎಳೆದು ಕೆಳಗೆ ಬರೆದೆ: "ಇದ್ದಾಳೆ. ನಾನೇ. ಫುಸಿ."

ಅಮ್ಮನ ಟಾರ್ಪಾಲಿನ ಕೆಳಗೆ ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು? ಅಲ್ಲಿ ಅವನು ಒಳಗೆ ಹೋದನೋ ಇಲ್ಲವೋ ಅನ್ನುವುದೇ ಚಿಂತೆ. ಇವತ್ತೂ ಹೋಗದಿದ್ದರೆ, ನಾಳೆ ನನ್ನ ಮಾತು ಯಾರು ಕೇಳುತ್ತಾರೆ?

ಬೆಳಿಗ್ಗೆ ಎಂಟಕ್ಕೆ ಗೇಟಿಗೆ ಬಂದರೆ ಲಿಸಿಯಾತೆ ಹಲ್ಲು ಕಿರಿಯುತ್ತಾ ನಿಂತಿದ್ದ. "ಕೊನೇ ಕೋಣೆ ಹತ್ತಿರ ಹೋಗಿ ಇಣುಕಿ ನೋಡಿದ ಕಣಮ್ಮ. ಆಮೇಲೆ ಹಾಲಿನಲ್ಲಿ ಚಾಪೆ ಹಾಸಿಕೊಂಡ. ಹನ್ನೊಂದು ಗಂಟೆ ಹೊತ್ತು ಹೊಡೆದಿದಾನೆ ನಿದ್ದೆ. ಅವನ ಗೊರಕೆಗೆ ನಾವ್ಯಾರೂ ಮಲಗಿಲ್ಲ."

ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆದರೆ ಅರ್ಧ ಮಾತ್ರ. ಒಂಬತ್ತಕ್ಕೆ ಸಮಿತಿ ಒಳಗೆ ಕೂತಿತು. ಡಾಕ್ಟರು, ಒಬ್ಬ ಮ್ಯಾಜಿಸ್ಟ್ರೇಟು, ನಿವೃತ್ತಿಯಾದ ದೊಡ್ಡ ನರ್ಸಮ್ಮ. ನಾನು ಮರದ ಕೆಳಗೆ ಅಮ್ಮ, ದೊಡ್ಡಮ್ಮನ ಜೊತೆ ನಿಂತೆ. ಹತ್ತು ನಿಮಿಷಕ್ಕೆ ಡಾಕ್ಟರ್ ಫೊನುವಾ ಫೈಲು ಹಿಡಿದುಕೊಂಡು ದಡದಡ ಹೊರಗೆ ಬಂದರು.

"ಇದೇನು ಬರೆದಿದ್ದೀರಿ? ಒಳಗೆ ಬಂದು ಸಮಿತಿಗೆ ವಿವರಿಸಿ."

"ಒಳಗೆ ಬರೋಕಾಗಲ್ಲ ಡಾಕ್ಟ್ರೇ. ಅವನು ಒಳಗಿದಾನೆ. ಅದನ್ನೇ ಅಲ್ವಾ ನಾನು ಬರೆದಿರೋದು."

ಅವರು ಕಟ್ಟಡ ನೋಡಿದರು, ನನ್ನನ್ನು ನೋಡಿದರು. ಸಿಡ್ನಿಯಲ್ಲಿ ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಪಾಪ, ಅವರನ್ನು ಅಂದು ಏನು ಪ್ರಯೋಜನ, ಇಲ್ಲೇ ಹುಟ್ಟಿ ಬೆಳೆದ ನಾನೇ ಪರದೆಗೆ ಹೂ ಆರಿಸುತ್ತಾ ಕೂತಿದ್ದೆ. ಅವರು ಒಳಗೆ ಹೋದರು. ಕೊನೆಗೆ ಸಮಿತಿಯೇ ಕುರ್ಚಿ ಎತ್ತಿಕೊಂಡು ಮರದ ಕೆಳಗೆ ಬಂತು.

"ಒಂದು ರಾತ್ರಿ ಮಲಗಿದ. ಇಂಜೆಕ್ಷನ್ನಿನ ಗುಣವೂ ಇರಬಹುದಲ್ಲ?" ಅಂದರು ಮ್ಯಾಜಿಸ್ಟ್ರೇಟು.

"ಸ್ವಾಮಿ, ನಿಮಗೆ ಅಕ್ಕ ಇದಾರಾ?" ಅಂದೆ.

"ಇದ್ದಾರೆ."

"ನಿಮ್ಮ ಪಂಚೆ ಸರಿಸಿ ಅವರ ಕೈಯಲ್ಲಿ ಸೂಜಿ ಹಾಕಿಸಿ, ಆಮೇಲೆ ಅವರ ಪಕ್ಕ ಕೂರಿಸಿ ಟಿವಿ ತೋರಿಸಿದ್ರೆ, ನೀವು ಹೇಗಿರ್ತೀರಿ?"

ಅವರ ಮುಖ ಕೆಂಪಾಯಿತು. ನರ್ಸಮ್ಮ "ಫುಸಿ!" ಅಂತ ಗದರಿದರು. ನಾನು ಬಿಡಲಿಲ್ಲ.

"ನಾನು ಮಾಡಿದ್ದು ಅದನ್ನೇ. ಗೊತ್ತಿಲ್ಲದೆ ಮಾಡಿದೆ, ಆದ್ರೂ ಮಾಡಿದೆ. ಬೀಗ ಹಾಕೋದಾದ್ರೆ ನನಗೆ ಹಾಕಿ. ಒಳಗೆ ಇನ್ನೂ ಇಬ್ಬರು ಹೀಗೇ ಒದ್ದಾಡ್ತಿದಾರೆ, ತಂಗಿಯರು ಪಕ್ಕದ ಕೋಣೇಲಿದಾರೆ, ಲಿಸಿಯಾತೆ ಬಾಯಲ್ಲಿ ಕೇಳಿ. ಗಂಡಸರ ಹಳೇ ಮನೆ ಗಟ್ಟಿಯಾಗೇ ಇದೆ. ಮುರಿದ ಮಂಚ ತುಂಬಿಟ್ಟಿದೀರಿ. ಖಾಲಿ ಮಾಡಿ ಇವರನ್ನ ಅಲ್ಲಿಗೆ ಕಳಿಸಿ. ನಾಲ್ಕು ವಾರ ನೋಡಿ. ಆಮೇಲೂ ಬೇಲಿ ಹಾರಿದ್ರೆ ನಿಮಗೆ ಬೇಕಾದ್ದು ಮಾಡಿ."

ಅವರು ಅಲ್ಲೇ ಗುಸುಗುಸು ಮಾತಾಡಿಕೊಂಡರು. ದೊಡ್ಡಮ್ಮ ಗೆಣಸಿನ ಚಾಕುವನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದಳು, ಅದನ್ನು ನೋಡಿಯೇ ಬೇಗ ಒಪ್ಪಿದರು ಅಂತ ಲಿಸಿಯಾತೆ ಇವತ್ತಿಗೂ ಆಡಿಕೊಳ್ಳುತ್ತಾನೆ. ನಾಲ್ಕು ವಾರ. ಬೀಗ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಮುರಿದ ಮಂಚಗಳೆಲ್ಲ ಹೊರಗೆ ಬಂದವು. ಹೊಸ ಕಟ್ಟಡದಿಂದ ಹಳೇ ಮನೆಗೆ ಹೋಗುವ ದಾರಿ ಈ ಮರದ ಕೆಳಗೇ. ಮನಾಸೆ ಬಾಗಿಲಿಗೆ ಬಂದವನು ನನ್ನನ್ನು ಕಂಡು ನಿಂತ. ಸುತ್ತಿ ಹೋಗೋಣ ಅಂತ ಬೇಲಿ ಕಡೆ ತಿರುಗಿದ. ಬೇಲಿ ಕಡೆ ತಿರುಗಿದರೆ ಮತ್ತೆ ಓಡಿದ ಅಂತ ಬರೆದುಬಿಟ್ಟಾರು. ನಾನೇ ಎದ್ದು ಮರದ ಹಿಂದಕ್ಕೆ ಹೋಗಿ, ಕಾಂಡಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಂತೆ. ತಮ್ಮನಿಗೆ ಅಕ್ಕ ದಾರಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲದಿದ್ದರೆ ಇಲ್ಲ. ಹುಲ್ಲಿನ ಮೇಲೆ ಅವನ ಹೆಜ್ಜೆ ಕೇಳಿಸಿತು. ಮೆಟ್ಟಿಲ ಬಳಿ ಕಾಲು ಒರೆಸಿಕೊಂಡ ಸದ್ದು ಕೇಳಿಸಿತು. ಯಾರೂ ಎತ್ತಲಿಲ್ಲ, ಯಾರೂ ನೂಕಲಿಲ್ಲ. ಒಳಗೆ ಹೋದ.

ಹುಚ್ಚು ಒಂದೇ ದಿನಕ್ಕೆ ಬಿಟ್ಟಿತು ಅಂತ ನಾನು ಹೇಳಲಾರೆ. ಗೆಳೆಯನ ಹೆಸರನ್ನು ಆಮೇಲೂ ಕೂಗುತ್ತಿದ್ದ, ಅಳುತ್ತಿದ್ದ, ಮಾತ್ರೆಯೂ ಬೇಕಾಯಿತು. ಆದರೆ ಜಗಲಿಯ ಮೇಲೆ ಕೂರುತ್ತಿದ್ದ. ಕೂತವನು ಕೂತೇ ಇರುತ್ತಿದ್ದ. ನಾಲ್ಕನೇ ವಾರ ಉಳಿದವರನ್ನು ಸೇರಿಸಿಕೊಂಡು ಹಾಡಲು ಶುರುಮಾಡಿದ. ಊಟ ತಂದು ಗೇಟಿನಲ್ಲಿ ನಿಂತಿದ್ದ ಅಮ್ಮ "ಥೇಟ್ ನಮ್ಮಣ್ಣನ ದನಿ" ಅಂದಳು. ಅವತ್ತು ಅವಳೂ ಉಣ್ಣಲಿಲ್ಲ, ನನಗೂ ಉಣ್ಣಲು ಬಿಡಲಿಲ್ಲ.

ಆರನೇ ವಾರ ದೋಣಿಯಲ್ಲಿ ಊರಿಗೆ ಹೋದ. ನಾನು ಆ ಹೊತ್ತಿಗೆ ಹೆಂಗಸರ ಕಡೆ ಕೆಲಸದಲ್ಲಿದ್ದೆ, ಬೇಕೆಂದೇ. ಈಗ ಮತ್ತೆ ಎರಡು ಮನೆ, ನಡುವೆ ಹುಲ್ಲು. ಮಂಡಿ ನೋಯುತ್ತೆ. ನೋಯಲಿ.

ಜೂನ್ ತಿಂಗಳಲ್ಲಿ ಒಂದು ದಿನ ಬಂದರಿನ ಗಾಡಿಯವನು ನಮ್ಮ ಅಂಗಳದಲ್ಲಿ ತೆಂಗಿನ ಗರಿಯ ಬುಟ್ಟಿ ಇಳಿಸಿದ. ಒಳಗೆ ಹೆಗ್ಗೆಣಸು, ಮಣ್ಣು ಇನ್ನೂ ಹಸಿ, ಒಂದೊಂದೂ ನನ್ನ ತೋಳಿನಷ್ಟು. ಹೊಲದ ಮೊದಲ ಬೆಳೆ. ಹೆಸರಿಲ್ಲ, ಚೀಟಿಯಿಲ್ಲ. ಅಮ್ಮ ಒಂದನ್ನು ಎತ್ತಿ ಮೂಸಿ ನೋಡಿ ಒಲೆಯ ಕಡೆ ಹೋದಳು. ಪಕ್ಕದ ಮನೆಯವಳು ಬೇಲಿಯ ಮೇಲಿಂದ ಕತ್ತು ಚಾಚಿದಳು.

"ಅಬ್ಬಾ, ಯಾರೇ ಇದೆಲ್ಲ ಕಳಿಸಿದ್ದು?"

ನಲವತ್ತನಾಲ್ಕು ವರ್ಷಕ್ಕೆ ಆ ಮಾತು ಮೊದಲ ಸಲ ನನ್ನ ಬಾಯಿಂದ ಬಂತು.

"ನನ್ನ ತಮ್ಮ" ಅಂದೆ.